ಪರದೆಯವರೆಗಿನ ದಾರಿ

'ಸಾಕ್ಷ್ಯಚಿತ್ರ' ಎಂಬ ಮಾತನ್ನು ಕನ್ನಡಕ್ಕೆ ತಂದವರು ಯಾರೋ, ಒಳ್ಳೆಯ ಕೆಲಸ ಮಾಡಿದ್ದಾರೆ. ಉರ್ದುವಿನಲ್ಲಿ ಇದನ್ನು ದಸ್ತಾವೇಜಿ ಫಿಲ್ಮ್ ಎನ್ನುತ್ತೇವೆ. ದಸ್ತಾವೇಜು ಕಪಾಟಿನಲ್ಲಿ ಬಿದ್ದಿದ್ದರೂ ದಸ್ತಾವೇಜೇ. ಸಾಕ್ಷ್ಯ ಹಾಗಲ್ಲ, ಅದನ್ನು ಯಾರಾದರೂ ಕೇಳಬೇಕು. ನಮ್ಮ ದೇಶದಲ್ಲಿ ಸರ್ಕಾರದ ಹಂಗಿಲ್ಲದೆ ಸಾಕ್ಷ್ಯಚಿತ್ರ ತೆಗೆದವರ ದೊಡ್ಡ ಕಷ್ಟ ಇದೇ ಆಗಿತ್ತು. ಕ್ಯಾಮೆರಾ ಹೇಗೋ ಸಿಗುತ್ತಿತ್ತು, ಪರದೆ ಸಿಗುತ್ತಿರಲಿಲ್ಲ.

ಪರದೆ ಯಾರ ಕೈಯಲ್ಲಿತ್ತು? ಟೂರಿಂಗ್ ಟಾಕೀಸಿನಲ್ಲಿ ಕುಳಿತು ಸಿನಿಮಾ ನೋಡಿದವರಿಗೆ ನೆನಪಿರುತ್ತದೆ. ರಾಜ್‌ಕುಮಾರ್ ಬರುವ ಮೊದಲು ಅಣೆಕಟ್ಟುಗಳೂ ಮಂತ್ರಿಗಳೂ ಬಂದು ಹೋಗುತ್ತಿದ್ದರು. ಜನ ಬೀಡಿ ಸೇದಲು ಹೊರಗೆ ಹೋಗುತ್ತಿದ್ದದ್ದು ಆಗಲೇ! ಅದು ಕೇಂದ್ರ ಸರ್ಕಾರ 1948ರಲ್ಲಿ ಆರಂಭಿಸಿದ ಫಿಲ್ಮ್ಸ್ ಡಿವಿಜನ್‌ನ ಸರಕು. ಪರವಾನಗಿಯ ಷರತ್ತಿನಂತೆ ಚಿತ್ರಮಂದಿರಗಳು ಸರ್ಕಾರ ಒಪ್ಪಿದ ಕಿರುಚಿತ್ರಗಳನ್ನು ತೋರಿಸಲೇಬೇಕಿತ್ತು. ಮೇಲಾಗಿ ನಿವ್ವಳ ಗಳಿಕೆಯಲ್ಲಿ ಶೇಕಡಾ 1ರಷ್ಟು ಬಾಡಿಗೆಯನ್ನೂ ತೆರಬೇಕಿತ್ತು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಆ ಚಿತ್ರಗಳು ಊರೂರು ಸುತ್ತುತ್ತಿದ್ದವು. ಅಷ್ಟು ದೊಡ್ಡ ವಿತರಣೆ ಯಾವ ಖಾಸಗಿ ನಿರ್ಮಾಪಕನಿಗೆ ದಕ್ಕೀತು? ಹೊರಗಿನವರ ಚಿತ್ರಕ್ಕೆ ಅಲ್ಲಿ ಜಾಗ ಸಿಗುತ್ತಿದ್ದದ್ದು ಅಪರೂಪ.

ಖ್ವಾಜಾ ಅಹ್ಮದ್ ಅಬ್ಬಾಸ್ ಅವರನ್ನು ಉರ್ದು ಓದುಗರು ಕತೆಗಾರರೆಂದು ಬಲ್ಲರು. ಸಿನಿಮಾ ಪ್ರೇಮಿಗಳಿಗೆ ಅವರು 'ಆವಾರಾ'ದ ಲೇಖಕ. ಅವರು ನಾಲ್ಕು ಮಹಾನಗರಗಳ ಸಿರಿತನ, ಬಡತನಗಳನ್ನು ಅಕ್ಕಪಕ್ಕ ಇಟ್ಟು ಹದಿನಾರು ನಿಮಿಷಗಳ 'ಎ ಟೇಲ್ ಆಫ್ ಫೋರ್ ಸಿಟೀಸ್' ಮಾಡಿದರು. ಎಲ್ಲರೂ ನೋಡಬಹುದಾದ 'ಯು' ಪ್ರಮಾಣಪತ್ರ ಬೇಕಿದ್ದರೆ ವೇಶ್ಯಾವಾಟಿಕೆಯ ದೃಶ್ಯಗಳನ್ನು ಕತ್ತರಿಸಿ ಎಂದರು ಅಧಿಕಾರಿಗಳು. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಕತ್ತರಿಯಿಲ್ಲದೆ 'ಯು' ಕೊಡಲು ಒಪ್ಪಿತು. ಬೇರೆಯವರಾದರೆ ಸಲಾಂ ಹೊಡೆದು ಮನೆಗೆ ಬರುತ್ತಿದ್ದರು. ಅಬ್ಬಾಸ್ ಸೆನ್ಸಾರ್ ಪದ್ಧತಿಯನ್ನೇ ಪ್ರಶ್ನಿಸಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಸೆನ್ಸಾರನ್ನು ಎತ್ತಿಹಿಡಿಯಿತು. ಚಿತ್ರ ಗೆದ್ದಿತು, ವಾದ ಸೋತಿತು.

ಮುಂದೆ ದೂರದರ್ಶನ ಬಂತು. ಪರದೆ ಮನೆಯೊಳಗೆ ಬಂದರೂ ಅದರ ಕೀಲಿ ಸರ್ಕಾರದ ಬಳಿಯೇ ಉಳಿಯಿತು. ಕೋಮುಹಿಂಸೆಗೂ ಗಂಡಸುತನದ ಹಮ್ಮಿಗೂ ಇರುವ ನಂಟನ್ನು ಕುರಿತ ತಮ್ಮ 'ಪಿತೃ, ಪುತ್ರ ಔರ್ ಧರ್ಮಯುದ್ಧ'ವನ್ನು ಆನಂದ್ ಪಟವರ್ಧನ್ 1995ರಲ್ಲಿ ದೂರದರ್ಶನಕ್ಕೆ ಕೊಟ್ಟರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಪ್ರಸಾರಕ್ಕೆ ಅನುಮತಿ ಬರಲಿಲ್ಲ. ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಬೀಗ! ಸುಪ್ರೀಂ ಕೋರ್ಟು ಪ್ರಸಾರ ಮಾಡಿ ಎಂದದ್ದು 2006ರ ಆಗಸ್ಟಿನಲ್ಲಿ. ಹನ್ನೊಂದು ವರ್ಷ. ಈ ನಡುವೆ ಪಟವರ್ಧನ್ ಕೈಕಟ್ಟಿ ಕೂರಲಿಲ್ಲ. ಕಾಲೇಜು, ಕಾರ್ಮಿಕ ಸಂಘ, ಕೊಳೆಗೇರಿ ಎನ್ನದೆ ಪರದೆಯನ್ನು ತಾವೇ ಜನರ ಬಳಿಗೆ ಒಯ್ದರು.

2004 ಈ ಚರಿತ್ರೆಯಲ್ಲಿ ಮುಖ್ಯ ವರ್ಷ. ಫಿಲ್ಮ್ಸ್ ಡಿವಿಜನ್ ಆಗ ನಡೆಸುತ್ತಿದ್ದ ಮುಂಬಯಿ ಚಿತ್ರೋತ್ಸವಕ್ಕೆ ಭಾರತೀಯ ಚಿತ್ರಗಳು ಸೆನ್ಸಾರ್ ಪತ್ರ ತರಬೇಕೆಂದು ನಿಯಮ ಮಾಡಲಾಯಿತು. ವಿದೇಶಿ ಚಿತ್ರಗಳಿಗೆ ಈ ನಿಯಮ ಇರಲಿಲ್ಲ. ಪ್ರತಿಭಟನೆಗೆ ಮಣಿದು ನಿಯಮವನ್ನು ಕೈಬಿಟ್ಟರು, ಆದರೆ ಆಯ್ಕೆಯಲ್ಲಿ ಹಲವು ಚಿತ್ರಗಳು ಹೊರಬಿದ್ದವು. ನಿರ್ದೇಶಕರು ಅಲ್ಲೇ ಸಮೀಪದಲ್ಲಿ 'ವಿಕಲ್ಪ' ಎಂಬ ತಮ್ಮದೇ ಉತ್ಸವ ನಡೆಸಿದರು.

ಹಾಗೆ ಹೊರಬಿದ್ದ ಚಿತ್ರಗಳಲ್ಲಿ ರಾಕೇಶ್ ಶರ್ಮಾ ಅವರ 'ಫೈನಲ್ ಸಲ್ಯೂಷನ್' ಕೂಡ ಒಂದು. 2002ರ ಗುಜರಾತ್ ನಮ್ಮ ಮನೆಗಳಿಗೆ ಪತ್ರಿಕೆಯ ಅಂಕಿಗಳಾಗಿ ಬಂದಿತ್ತು. ಈ ಚಿತ್ರದಲ್ಲಿ ಬದುಕಿ ಉಳಿದವರ ಮುಖಗಳಿದ್ದವು, ಅವರ ದನಿಯಿತ್ತು, ಅದರ ಪಕ್ಕದಲ್ಲೇ ಚುನಾವಣೆಯ ಭಾಷಣಗಳೂ ಇದ್ದವು. ಬರ್ಲಿನ್ ಉತ್ಸವದಲ್ಲಿ ಪ್ರಶಸ್ತಿ ಪಡೆದ ಅದೇ ವರ್ಷ ಸೆನ್ಸಾರ್ ಮಂಡಳಿ ಅದನ್ನು ನಿಷೇಧಿಸಿತು.

ಆಗ ಶರ್ಮಾ ಹಿಡಿದ ದಾರಿ ವ್ಯಾಪಾರಿಗಳು ತಲೆ ಚಚ್ಚಿಕೊಳ್ಳುವಂಥದು. ಚಿತ್ರೋದ್ಯಮವೆಲ್ಲ ಕಳ್ಳ ಸಿಡಿಗಳ ಮೇಲೆ ಪೊಲೀಸರನ್ನು ಬಿಡುತ್ತಿದ್ದ ಕಾಲದಲ್ಲಿ ಅವರು ತಮ್ಮ ಚಿತ್ರದ ವಿಸಿಡಿಗಳನ್ನು ಪುಕ್ಕಟೆ ಹಂಚಿದರು. ಷರತ್ತು ಒಂದೇ: ಪಡೆದವರು ಇನ್ನೂ 5 ಪ್ರತಿ ಮಾಡಿ ಇತರರಿಗೆ ಕೊಡಬೇಕು. ಸೆನ್ಸಾರ್ ಮಂಡಳಿ ಚಿತ್ರಮಂದಿರದ ಬಾಗಿಲು ಕಾಯಬಹುದು. ಮೊಹಲ್ಲಾದ ಕಂಪ್ಯೂಟರ್ ಅಂಗಡಿಯನ್ನು ಕಾಯುವವರು ಯಾರು? ಅಗ್ಗದ ಖಾಲಿ ಡಿಸ್ಕು, ಒಂದು ರೈಟರ್ ಇದ್ದರೆ ಸಾಕಿತ್ತು. ನೋಡಿದವರೇ ವಿತರಕರಾದರು.

ಇದರಿಂದ ಸಾಕ್ಷ್ಯಚಿತ್ರದವರ ಹೊಟ್ಟೆಪಾಡು ಬಗೆಹರಿಯಿತೆಂದು ನಾವು ಹೇಳುತ್ತಿಲ್ಲ. ಕೋರ್ಟಿನಲ್ಲಾದರೆ ಸಾಕ್ಷಿಗೆ ಬಸ್ ಚಾರ್ಜಾದರೂ ಸಿಗುತ್ತದೆ. ಪುಕ್ಕಟೆ ಪ್ರತಿಯಿಂದ ಮುಂದಿನ ಚಿತ್ರಕ್ಕೆ ದುಡ್ಡು ಹುಟ್ಟುವುದಿಲ್ಲ. ಎಲ್ಲರೂ ಪ್ರತಿಸಲವೂ ಹಿಡಿಯಬಹುದಾದ ದಾರಿಯೂ ಇದಲ್ಲ.

ಆ ಅಕ್ಟೋಬರಿನಲ್ಲಿ ಮಂಡಳಿ ನಿಷೇಧ ತೆಗೆಯಿತು. ಭಾರತದಲ್ಲಿ ಪುಕ್ಕಟೆ ಹಂಚಿದ ವಿಸಿಡಿಗಳು ಒಟ್ಟು 10,000ಕ್ಕೂ ಹೆಚ್ಚು. ಅವುಗಳಿಂದ ಮರಿ ಹಾಕಿದ ಪ್ರತಿಗಳ ಲೆಕ್ಕ ಯಾವ ಕಡತದಲ್ಲೂ ಇಲ್ಲ.