ಗಾಡಿಯೊಳಗ ಹಾಡು ಬಂದ ದಾರಿ

ನಮ್ಮ ಕಂದಲಗಾಂವದ ಕಡೆ ಕಬ್ಬಿನ ಹಂಗಾಮದಾಗ ಟ್ರ್ಯಾಕ್ಟರ್ ಬರೋದು ಮೊದಲ ಕಿವಿಗೆ ಗೊತ್ತಾಗತದ, ಆಮ್ಯಾಲ ಕಣ್ಣಿಗೆ. ಹುಡುಗ ಜೇಬಿನ ಫೋನ್ ತಗದು ಬೆರಳು ಒತ್ತತಾನ, ಗಾಡಿಯ ಸ್ಪೀಕರ್ ಹಾಡತದ. ನಡುವ ಒಂದು ತಂತಿನೂ ಇಲ್ಲ. ಇಷ್ಟು ಸಲೀಸಾಗಲಿಕ್ಕೆ ತೊಂಬತ್ತು ವರ್ಷಕ್ಕಿಂತ ಹೆಚ್ಚು ಹಿಡಿದಿದೆ. ಹಾಡು ಗಾಡಿ ಏರಿದ ಈ ಇತಿಹಾಸವನ್ನು ಹಾಡಕಿಯವರು ಯಾರಾದರೂ ಬರೀಬೇಕು, ಯಾಕಂದ್ರ ಒಂದೊಂದು ಹೊಸ ಯಂತ್ರ ಬಂದಾಗ ನಮ್ಮ ಪದಕ್ಕ ಏನಾಯಿತು ಅನ್ನೋದು ಯಂತ್ರ ಮಾರುವವರಿಗೆ ಕಾಣೋದಿಲ್ಲ.

ಎತ್ತಿನ ಗಾಡಿಯ ಕಾಲದಾಗ ಯಂತ್ರದ ಪ್ರಶ್ನೆನೇ ಇದ್ದಿಲ್ಲ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರನ ಗಡ್ಡದ ಜಾತ್ರಿಗೆ, ದೀಪಾವಳಿಗೆ ಹುಲಜಂತಿ ಮಾಳಿಂಗರಾಯನ ಜಾತ್ರಿಗೆ ಮಂದಿ ಗಾಡಿ ಕಟ್ಟಿಕೊಂಡು ಹೋಗತಿದ್ದರು. ರಾತ್ರಿ ದಾರಿಯೊಳಗ ಗಾಡಿ ಹೊಡಿಯುವವನಿಗೆ ನಿದ್ದಿ ಹತ್ತಬಾರದಂತ ಒಬ್ಬ ಪದ ಎತ್ತತಿದ್ದ, ಹಿಂದಿನ ಗಾಡಿಯವ ಅದಕ್ಕ ದನಿ ಕೂಡಿಸತಿದ್ದ. ಹಾಡುವವನೂ ಗಾಡಿಯೊಳಗ, ಕೇಳುವವನೂ ಗಾಡಿಯೊಳಗ.

ದನಿಯನ್ನು ಹಿಡಿದು ಇಡುವ ವಿದ್ಯೆ ನಮ್ಮ ದೇಶಕ್ಕ ಬಂದು 1902ರಲ್ಲಿ ಕಲ್ಕತ್ತಾದಾಗ ಗೌಹರ್ ಜಾನ್ ಅವರ ಹಾಡು ರಿಕಾರ್ಡ್ ಆಯಿತು. ಮುಂದ ನಮ್ಮ ಬಿಜಾಪುರ ಸೀಮೆಯ ಬೀಳಗಿಯಿಂದ ಹೋದ ಅಮೀರಬಾಯಿ ಕರ್ನಾಟಕಿ ಅವರ ದನಿ ತಟ್ಟೆಯ ಮ್ಯಾಲ ದೇಶವೆಲ್ಲ ತಿರುಗಿತು. ಆದರೆ ತಟ್ಟೆಗೆ ಒಂದು ತೊಡಕು: ಮುಳ್ಳು ತಟ್ಟೆಯ ಗೆರೆಯೊಳಗ ನೆಟ್ಟಗ ನಡೀಬೇಕು, ನೆಲ ಅಲುಗಿದ್ರ ಮುಳ್ಳು ಹಾರತದ. ಅಮೆರಿಕಾದ ಕ್ರೈಸ್ಲರ್ ಕಂಪನಿಯವರು 1956ರ ಮಾಡೆಲ್ ಕಾರಿನೊಳಗ ರಿಕಾರ್ಡ್ ಪ್ಲೇಯರನ್ನೇ ಕೂಡಿಸಿ ನೋಡಿದರು. ನಿಧಾನ ತಿರುಗುವ ತಟ್ಟೆ ಬ್ಯಾರೆ ಮಾಡಿಸಿದರು. ಆದರೂ ಅದು ಬಾಳಿಕೆ ಬರಲಿಲ್ಲ, ಕೆಲವೇ ವರ್ಷಕ್ಕ ಬಿಟ್ಟರು. ನಮ್ಮ ಹೊಲದ ದಾರಿಗೆ ಅದನ್ನ ತಂದಿದ್ದರ ಒಂದು ಪಲ್ಲವಿನೂ ಮುಗೀತಿದ್ದಿಲ್ಲ.

ಅದಕ್ಕೂ ಮೊದಲೇ ಗಾಡಿ ಏರಿದ್ದು ರೇಡಿಯೋ. 1930ರಲ್ಲಿ ಗ್ಯಾಲ್ವಿನ್ ಅನ್ನುವವರ ಕಂಪನಿ ಕಾರಿನ ರೇಡಿಯೋಕ್ಕ ಮೋಟೊರೋಲಾ ಅಂತ ಹೆಸರಿಟ್ಟಿತು. ಅದೇ ಹೆಸರಿನ ಫೋನನ್ನ ಮುಂದ ನಮ್ಮ ಮಕ್ಕಳು ಜೇಬಿನಾಗ ಇಟ್ಟುಕೊಂಡು ತಿರುಗಿದರು. ಅವಾಗಿನ ದೊಡ್ಡ ತೊಂದರೆ ಇಂಜಿನ್ನಿನ ಕಿಡಿ. ಪೆಟ್ರೋಲ್ ಇಂಜಿನ್ನಿನ ಪ್ಲಗ್ ಹಾರಿಸುವ ಒಂದೊಂದು ಕಿಡಿನೂ ರೇಡಿಯೋದಾಗ ಚರಚರ ಅನ್ನತದ. ಆ ಸಪ್ಪಳ ಅಡಗಿಸೋದೇ ಅರ್ಧ ಕೆಲಸ ಆಗಿತ್ತು.

ನಮ್ಮ ಕಡೆ ರೇಡಿಯೋ ಅಂದ್ರ ಧಾರವಾಡ ಮತ್ತ ಕಲಬುರಗಿ. ಧಾರವಾಡ ಆಕಾಶವಾಣಿ 1950ರಲ್ಲಿ, ಕಲಬುರಗಿಯದು 1966ರಲ್ಲಿ ಶುರುವಾದವು. ಸಾಲಿಯೊಳಗ ಮರಾಠಿ, ಕಚೇರಿಯೊಳಗ ಮರಾಠಿ, ಮನಿಯೊಳಗ ಕನ್ನಡ ಇದ್ದ ನಮ್ಮಂಥ ಊರಿಗೆ ಶುದ್ಧ ಕನ್ನಡ ಸುದ್ದಿ, ಕನ್ನಡ ಜಾನಪದ ಗೀತೆ ಕಿವಿಗೆ ಬಿದ್ದದ್ದು ಆ ಪೆಟ್ಟಿಗೆಯಿಂದ. ಆದರೆ ರೇಡಿಯೋದವರು ಹಚ್ಚಿದ್ದನ್ನ ನಾವು ಕೇಳಬೇಕು. ನನಗ ಬೇಕಾದ ಪದ, ಬೇಕಾದ ಹೊತ್ತಿಗೆ, ಅದು ಅದರೊಳಗ ಇದ್ದಿಲ್ಲ.

ಅದನ್ನ ಕೊಟ್ಟದ್ದು ಕ್ಯಾಸೆಟ್. ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ ಪ್ರದರ್ಶನದಾಗ ಇದನ್ನ ತೋರಿಸಿತು. ಆ ಕೆಲಸದ ಮುಖ್ಯಸ್ಥರು ಲೂ ಒಟೆನ್ಸ್ ಅನ್ನುವವರು. ಅಂಗಿಯ ಜೇಬಿನಾಗ ಹೋಗಬೇಕು ಅನ್ನೋದೇ ಅವರ ಅಳತಿ. ಟೇಪಿಗೆ ಮುಳ್ಳಿಲ್ಲ, ತಗ್ಗು ದಿಣ್ಣಿಯೊಳಗೂ ಹಾಡತದ. 1979ರಲ್ಲಿ ಸೋನಿ ಕಂಪನಿಯವರು ಸೊಂಟಕ್ಕ ಸಿಗಿಸುವ ವಾಕ್‌ಮನ್ ತಗದರು. ನಮ್ಮ ದೇಶದಾಗ ಎಂಬತ್ತರ ದಶಕದೊಳಗ ಕ್ಯಾಸೆಟ್ ಅಗ್ಗ ಆಯಿತು. ಗುಲ್ಶನ್ ಕುಮಾರರ ಟಿ-ಸೀರೀಸ್ 1983ರಲ್ಲಿ ಶುರುವಾದ ಮ್ಯಾಲ ಅಂತೂ ಕಿರಾಣಿ ಅಂಗಡಿಯೊಳಗೂ ಕ್ಯಾಸೆಟ್ ತೂಗಾಡಿದವು.

ನಮ್ಮ ಪದಗಳಿಗೆ ನಿಜವಾದ ಸುಗ್ಗಿ ಅದೇ. ಡೊಳ್ಳಿನ ಪದ, ಭಜನಿ ಪದ, ಗೀಗೀ ಪದ ಎಲ್ಲಾ ಕ್ಯಾಸೆಟ್ ಆದವು. ದೊಡ್ಡ ಕಂಪನಿ ಬೇಕಾಗಿದ್ದಿಲ್ಲ. ಎರಡು ಟೇಪು, ಒಂದು ಮೈಕು ಇದ್ದವನೂ ಕಂಪನಿನೇ. ನಮ್ಮ ಮ್ಯಾಳದ ಹಾಡಕಿನೂ ಹಂಗೇ ಒಬ್ಬರು ತುಂಬಿಕೊಂಡು ಹೋದರು. ಎಷ್ಟು ಮಾರಿದರೋ ದೇವರಿಗೆ ಗೊತ್ತು. ನಮಗ ಸಿಕ್ಕದ್ದು ಒಂದು ಊಟ, ಎರಡು ಕ್ಯಾಸೆಟ್. ಆದರೆ ಆ ಕ್ಯಾಸೆಟ್ ಅಕ್ಕಲಕೋಟ ದಾರಿಯ ವಡಾಪ ಜೀಪಿನಾಗ ಹಾಡಿದ್ದನ್ನ ನಾನೇ ಹಿಂದಿನ ಸೀಟಿನಾಗ ಕುಂತು ಕೇಳೀನಿ. ಹದಿನೈದು ಮಂದಿ ಕುಂತಿದ್ದರು, ಒಬ್ಬರಿಗೂ ಹಾಡಿದವ ಇಲ್ಲೇ ಅದಾನ ಅನ್ನೋದು ಗೊತ್ತಿದ್ದಿಲ್ಲ. ನನಗ ಅದರ ಸಂತೋಷ ಹಣಕ್ಕಿಂತ ಹೆಚ್ಚಾತು.

ಇಲ್ಲಿ ಹರದೇಶಿ-ನಾಗೇಶಿ ಬಗ್ಗೆ ಒಂದು ಮಾತು. ಹರದೇಶಿಯವರು ಶಿವನ ಪಕ್ಷ, ನಾಗೇಶಿಯವರು ಶಕ್ತಿಯ ಪಕ್ಷ. ಮರಾಠಿ ಶಾಹೀರರ ತುರಾ-ಕಲಗಿ ಇದರ ಸಂಬಂಧಿಕ. ಒಂದು ಮ್ಯಾಳ ಸವಾಲು ಹಾಕತದ, ಇನ್ನೊಂದು ಜವಾಬು ಕೊಡತದ, ಬೆಳತನಕ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಮಗ್ಗಲಕ್ಕ ಮೂವತ್ತು ನಿಮಿಷ. ಆದ್ದರಿಂದ ಹರದೇಶಿಯ ಸವಾಲು ‘ಎ’ ಮಗ್ಗಲಿಗೆ, ನಾಗೇಶಿಯ ಜವಾಬು ‘ಬಿ’ ಮಗ್ಗಲಿಗೆ ತುಂಬತಿದ್ದರು. ಸವಾಲು ಮುಗಿದ ಕೂಡಲೇ ಟೇಪು ಟಕ್ ಅಂತ ನಿಲ್ಲೋದು. ಡ್ರೈವರ್ ಅದನ್ನ ತಿರುವಿ ಹಾಕೋತನಕ ಗಾಡಿಯೊಳಗಿನ ಮಂದಿ ಜವಾಬು ಏನಿರಬಹುದಂತ ತಮ್ಮತಮ್ಮೊಳಗ ವಾದ ಮಾಡತಿದ್ದರು. ಯಂತ್ರದ ಕೊರತಿ ಹಾಡಕಿಯ ರೀತಿಗೆ ಸರಿಯಾಗಿ ಹೊಂದಿತ್ತು.

ಮುಂದ ಹಾಡು ಸೀಡಿಗೆ, ಅಲ್ಲಿಂದ ಎಂಪಿತ್ರೀ ಆಗಿ ಸಣ್ಣ ಪ್ಲೇಯರಿಗೆ ಹೋಯಿತು. 2001ರ ಅಕ್ಟೋಬರದಾಗ ಆಪಲ್ ಕಂಪನಿಯವರು ಐಪಾಡ್ ತಂದಾಗ ಜೇಬಿನಾಗ ಸಾವಿರ ಹಾಡು ಅಂದರು. ನಮ್ಮ ಕಡೆ ಐಪಾಡ್ ಬಂದದ್ದು ಕಡಿಮಿ, ಮೆಮರಿ ಕಾರ್ಡಿನ ಮೊಬೈಲ್ ಬಂದದ್ದು ಹೆಚ್ಚು. ಆದರೆ ಪೇಚು ಎಲ್ಲಾರಿಗೂ ಒಂದೇ: ಜೇಬಿನಾಗ ಹೊಸ ಯಂತ್ರ, ಗಾಡಿಯೊಳಗ ಹಳೇ ಟೇಪು. ಎರಡನ್ನೂ ಕೂಡಿಸೋದು ಹೆಂಗ?

ಇದಕ್ಕ ಕಂಡುಹಿಡಿದ ಉಪಾಯಗಳೊಳಗ ನನಗ ಭಾಳ ಹಿಡಿಸಿದ್ದು ಸುಳ್ಳು ಕ್ಯಾಸೆಟ್. ನೋಡಲಿಕ್ಕೆ ಕ್ಯಾಸೆಟ್ಟಿನಂಗೇ ಇರತದ, ಒಳಗ ಟೇಪಿನ ರೀಲು ಇರೋದಿಲ್ಲ. ಒಂದು ಸಣ್ಣ ಹೆಡ್ಡು, ಮೂಲಿಯಿಂದ ಹೊರಗ ಬಂದ ವೈರು, ವೈರಿನ ತುದಿಗೆ ಪಿನ್ನು. ಪಿನ್ನನ್ನ ಪ್ಲೇಯರಿನ ಇಯರ್‌ಫೋನ್ ತೂತಿಗೆ ಹಾಕಿ ಸುಳ್ಳು ಕ್ಯಾಸೆಟ್ಟನ್ನ ಟೇಪಿನೊಳಗ ನೂಕಬೇಕು. ಟೇಪಿನ ಹೆಡ್ಡು ಓದೋದು ಅಯಸ್ಕಾಂತದ ಏರಿಳಿತ ಮಾತ್ರ. ಸುಳ್ಳು ಕ್ಯಾಸೆಟ್ಟಿನ ಹೆಡ್ಡು ಎದುರಿಗೆ ಕುಂತು ಹಾಡಿನ ಪ್ರಕಾರ ಅದೇ ಏರಿಳಿತ ಮಾಡತದ. ಟೇಪು ಇದು ನಿಜವಾದ ರೀಲೇ ಅಂತ ತಿಳಿದು ಹಾಡತದ. ಒಳಗ ಹಲ್ಲಿನ ಚಕ್ರನೂ ಇರತಾವ, ಯಾಕಂದ್ರ ರೀಲು ತಿರುಗದಿದ್ರ ಕೆಲವು ಟೇಪು ಹಾಡು ಮುಗೀತು ಅಂತ ಮಗ್ಗಲು ಬದಲಿಸತಾವ. ಬಯಲಾಟದಾಗ ಗಂಡಸು ಸೀರಿ ಉಟ್ಟು ರಾಣಿ ಆದಂಗ ಇದು.

ಇನ್ನೊಂದು, ಸಿಗರೇಟ್ ಹಚ್ಚುವ 12 ವೋಲ್ಟಿನ ತೂತಿಗೆ ಸಿಗಿಸುವ ಎಫ್ಎಂ ಟ್ರಾನ್ಸ್‌ಮೀಟರ್. ಅದು ಗಾಡಿಯೊಳಗಿನ ಮಟ್ಟಿಗೆ ಒಂದು ಪುಟ್ಟ ಆಕಾಶವಾಣಿ. 88ರಿಂದ 108ರ ನಡುವ ಖಾಲಿ ಇರುವ ನಂಬರ್ ಹುಡುಕಿ, ರೇಡಿಯೋದಾಗ ಅದೇ ನಂಬರ್ ಇಟ್ಟರ ಹಾಡು ಬರತದ. ಹೊಲದ ಕಡೆ ಖಾಲಿ ನಂಬರ್ ಬೇಕಾದಷ್ಟು. ಸೊಲ್ಲಾಪುರದ ಹತ್ತಿರ ಹೋದಂಗ ನಿಜವಾದ ಸ್ಟೇಷನ್ ಬಂದು ನಮ್ಮ ಪದದ ಮ್ಯಾಲ ಸಾಬೂನಿನ ಜಾಹೀರಾತು ಹಾಯತದ.

ಎಲ್ಲಕ್ಕೂ ಸ್ವಚ್ಛ ದನಿ ಆಕ್ಸ್ ವೈರಿನದು. ಎರಡೂ ತುದಿಗೆ 3.5 ಮಿಲಿಮೀಟರಿನ ಪಿನ್ನು. ಈ ಪಿನ್ನಿನ ಅಜ್ಜ ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನ ದೊಡ್ಡ ಪಿನ್ನು. ಟ್ರಾನ್ಸಿಸ್ಟರ್ ಬಂದಾಗ ಸಣ್ಣದಾತು. ಪಿನ್ನಿನ ಮ್ಯಾಲ ಎರಡು ಕರಿ ಗೆರಿ ಇರತಾವ, ಅವು ಮೂರು ಭಾಗ ಮಾಡತಾವ: ತುದಿ ಎಡಕಿವಿಗೆ, ನಡುವಿನದು ಬಲಕಿವಿಗೆ, ಬುಡದ್ದು ಇಬ್ಬರಿಗೂ ಕೂಡಿದ ಅರ್ಥಿಂಗ್. ಒಂದು ಕಿವಿ ಬಂದ್ ಆದರ ಪಿನ್ನು ಪೂರಾ ಒಳಗ ಹೋಗಿದೆಯೋ ಇಲ್ಲೋ ಮೊದಲು ನೋಡರಿ. ಫೋನನ್ನ ಅದೇ ಗಾಡಿಯ ಕರೆಂಟಿಗೆ ಚಾರ್ಜಿಗೆ ಹಚ್ಚಿ ವೈರಿನಿಂದಲೂ ಹಾಡು ಹಚ್ಚಿದ್ರ ಕೆಲವು ಗಾಡಿಯೊಳಗ ಕುಂಯ್ ಅನ್ನುವ ಸಪ್ಪಳ ಬರತದ, ಇಂಜಿನ್ ಏರಿದಂಗ ಅದೂ ಏರತದ. ಅರ್ಥಿಂಗಿಗೆ ಎರಡು ದಾರಿ ಆಗಿ ಆಲ್ಟರ್ನೇಟರಿನ ಗದ್ದಲ ಹಾಡಿನೊಳಗ ನುಗ್ಗೋದು ಅದರ ಕಾರಣ. ಚಾರ್ಜರ್ ಕಿತ್ತಿ ನೋಡರಿ, ಮಿಸ್ತ್ರಿ ಹಂತ್ಯಾಕ ಹೋಗೋದು ಆಮ್ಯಾಲ.

ಈಗ ಬ್ಲೂಟೂಥ್. ಹತ್ತನೆಯ ಶತಮಾನದ ಡೆನ್ಮಾರ್ಕಿನ ಹೆರಾಲ್ಡ್ ಅನ್ನುವ ರಾಜನ ಅಡ್ಡಹೆಸರು ಅದು, ಅಂದ್ರ ನೀಲಿ ಹಲ್ಲಿನವ. ಚದುರಿದ ಮಂದಿಯನ್ನ ಒಂದುಗೂಡಿಸಿದನಂತ, ಅದಕ್ಕ ಯಂತ್ರ ಕೂಡಿಸುವ ವಿದ್ಯೆಗೆ ಅವನ ಹೆಸರು. ಪೆನ್ ಡ್ರೈವ್ ಮಾತ್ರ ಇನ್ನೂ ಹೋಗಿಲ್ಲ. ಟ್ರ್ಯಾಕ್ಟರಿನವರಿಗೆ ಅದೇ ಗಟ್ಟಿ, ನಡುವ ಫೋನ್ ಬಂದರ ಹಾಡು ನಿಲ್ಲೋದಿಲ್ಲ.

ಆದರೆ ನಮ್ಮ ಪದಕ್ಕ ಇಲ್ಲೇ ಪೆಟ್ಟು ಬಿತ್ತು. ಕ್ಯಾಸೆಟ್ಟಿನಾಗ ಹಾಡು ದಾಟಿಸೋದು ತ್ರಾಸದ ಕೆಲಸ, ಆದ್ದರಿಂದ ಮಂದಿ ಕಡೀತನಕ ಕೇಳತಿದ್ದರು. ಈಗ ಬೆರಳು ತಾಗಿದ್ರ ಮುಂದಿನ ಹಾಡು. ನಮ್ಮ ಪದಗಳೊಳಗ ಬರೆದವನ ಹೆಸರು, ಅವನ ಗುರು, ಅವನ ಊರು ಎಲ್ಲಾ ಇರೋದು ಕಡೀ ನುಡಿಯೊಳಗ. ಅಂಕಿತ ಬರೋದ್ರೊಳಗ ಡ್ರೈವರ್ ದಾಟಿಸಿಬಿಡತಾನ. ಫೈಲಿನ ಹೆಸರು ನೋಡಿದ್ರ ‘ಟ್ರ್ಯಾಕ್ 07’. ಸವಾಲು-ಜವಾಬಿನ ಗತಿ ಇನ್ನೂ ಕಠಿಣ. ಕಲಸಿ ಹಚ್ಚಿದ್ರ ಜವಾಬು ಮೊದಲ ಬರತದ, ಸವಾಲು ಮರುದಿನ. ಹದಿನೆಂಟು ವರ್ಷದ ಹುಡುಗರು ನನ್ನ ಎದುರಿಗೇ ನಮ್ಮ ಗುರುಗಳ ಪದ ಪೂರಾ ಹಾಡತಾರ, ಯಾರದೋ ತಮ್ಮಾ ಅಂತ ಕೇಳಿದ್ರ ಪೆನ್ ಡ್ರೈವಿನದು ಕಾಕಾ ಅಂತಾರ.

ಅದಕ್ಕ ನಾವು ಮನಿಮನಿಯೊಳಗಿನ ಹಳೇ ಕ್ಯಾಸೆಟ್ ಕೂಡಿಸಿ, ಟೇಪಿನ ಇಯರ್‌ಫೋನ್ ತೂತಿನಿಂದ ಅದೇ ಆಕ್ಸ್ ವೈರ್ ಕಂಪ್ಯೂಟರಿಗೆ ಹಚ್ಚಿ ತುಂಬಲಿಕ್ಕೆ ಹತ್ತೀವಿ. ಬೂಸಲು ಹಿಡಿದ ರೀಲನ್ನ ಮೊದಲ ಹಚ್ಚಬಾರದು, ಹೆಡ್ಡು ಹೊಲಸಾಗತದ. ಫೈಲಿಗೆ ಪದದ ಮೊದಲ ಸಾಲು, ಬರೆದವರು, ಹಾಡಿದವರು, ಊರು, ಇಷ್ಟು ಬರೀತೀವಿ. ಸವಾಲಿಗೂ ಜವಾಬಿಗೂ ಒಂದೇ ಫೈಲು. ಹೊಸದಾಗಿ ತುಂಬುವಾಗ ನಾನು ಪದ ಎತ್ತೋ ಮೊದಲೇ ಬರೆದವರ ಹೆಸರು ಮಾತಿನಾಗ ಹೇಳತೀನಿ. ಮೊಮ್ಮಗ, “ಅಜ್ಜಾ, ಮಾತು ಬಂದ್ರ ಡ್ರೈವರ್ ದಾಟಿಸತಾನ” ಅಂದ. ಹೆಸರು ಕೇಳಿದ ಮ್ಯಾಲ ದಾಟಿಸಲಿ ಅಂದೆ. ಇಲ್ಲೀತನಕ ತುಂಬಿದ್ದೆಲ್ಲಾ ವಾಚನಾಲಯದ ಪೆನ್ ಡ್ರೈವಿನಾಗ ಅದ. ಬೇಕಾದವರು ತಮ್ಮ ಕಾರ್ಡ್ ತಂದು ತುಂಬಿಸಿಕೊಂಡು ಹೋಗಬಹುದು. ಮನಿಯೊಳಗ ಹಳೇ ಕ್ಯಾಸೆಟ್ ಇದ್ದವರು ಒಗಿಯೋ ಮೊದಲ ಒಮ್ಮೆ ತಂದು ತೋರಿಸರಿ.