ನೈಲಾನ್ ಗರಿಕೆಯ ಪೂರ್ವೋತ್ತರ

ದೆಹಲಿಯಲ್ಲಿ ನಮ್ಮಂಥ ಗುಮಾಸ್ತರಿಗೆ ದಕ್ಕುವ ಮನೆಗೆ ಅಂಗಳವಿಲ್ಲ, ಹಿತ್ತಿಲಿಲ್ಲ. ಇರುವುದು ನಾಲ್ಕನೆಯ ಮಹಡಿಯ ಸಿಮೆಂಟಿನ ತಾರಸಿ. ಊರಿನಿಂದ ಬಂದ ನಮ್ಮ ತಾಯಿಯವರು, ಬೆಳಿಗ್ಗೆ ಬರಿಗಾಲಲ್ಲಿ ನಡೆದಾಡಲು ಒಂದಿಷ್ಟು ಹಸಿರಿದ್ದರೆ ಚೆನ್ನಾಗಿತ್ತು ಎಂದರು. ಅಗ್ಗವೆಂಬ ಒಂದೇ ಕಾರಣಕ್ಕೆ ನಾವು ಅಂಗಡಿಯೊಂದರಿಂದ ಕೃತಕ ಹುಲ್ಲಿನ ಸುರುಳಿಯನ್ನು ಹೊತ್ತು ತಂದೆವು. ಮೇ ತಿಂಗಳಲ್ಲಿ ಅದರ ಮೇಲೆ ಕಾಲಿಡಲಾಗಲಿಲ್ಲ. ಜುಲೈಯಲ್ಲಿ ಅಡಿಯಲ್ಲಿ ನೀರು ನಿಂತು ನಾತ ಹೊಡೆಯಿತು. ಕೆಳಮನೆಯವರ ಸೂರಿಗೆ ತೇವ ಇಳಿದು ಮಾತಿಗೆ ಮಾತು ಬೆಳೆಯಿತು. ಎರಡನೆಯ ಬೇಸಗೆಗೆ ಎಳೆಗಳು ಪುಡಿಯಾಗಿ ಅಮ್ಮನ ಸೀರೆಯ ಅಂಚಿಗೆ ಅಂಟತೊಡಗಿದವು. ಬಿ.ಎಸ್ಸಿ. ಓದಿಯೂ ಹೀಗೆ ಮೋಸಹೋದೆವಲ್ಲ ಎಂಬ ನಾಚಿಕೆಯಿಂದ ಈ ವಸ್ತುವಿನ ಪೂರ್ವೋತ್ತರವನ್ನು ಕೆದಕಿದೆವು. ಕಂಡದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ಕೃತಕ ಹುಲ್ಲು ಹುಟ್ಟಿದ್ದು ಅಂಗಳವಿಲ್ಲದವರಿಗಾಗಿಯೇ. ಅಮೆರಿಕದ ನಗರಗಳ ಮಕ್ಕಳಿಗೆ ಆಡಲು ಬಯಲಿಲ್ಲ ಎಂಬ ಚಿಂತೆ 1950ರ ದಶಕದಲ್ಲಿ ಅಲ್ಲಿನವರನ್ನು ಕಾಡುತ್ತಿತ್ತು. ಫೋರ್ಡ್ ಪ್ರತಿಷ್ಠಾನದ ನೆರವಿನ ಸಂಸ್ಥೆಯೊಂದು ಇದಕ್ಕೆ ಪರಿಹಾರ ಹುಡುಕಲು ಹಣ ಕೊಟ್ಟಿತು. ಮೊನ್ಸಾಂಟೊ ಕಂಪನಿಯ ರಸಾಯನ ತಜ್ಞರು ನೈಲಾನ್ ಎಳೆಯಿಂದ ಹುಲ್ಲು ನೇಯ್ದು, ‘ಕೆಮ್‌ಗ್ರಾಸ್’ ಎಂದು ಹೆಸರಿಟ್ಟು, 1964ರಲ್ಲಿ ಪ್ರಾವಿಡೆನ್ಸ್ ನಗರದ ಮೋಸೆಸ್ ಬ್ರೌನ್ ಶಾಲೆಯಲ್ಲಿ ಹಾಸಿದರು. ಜೇಮ್ಸ್ ಫೇರಿಯಾ ಮತ್ತು ರಾಬರ್ಟ್ ರೈಟ್ ಎಂಬಿಬ್ಬರ ಹೆಸರಿನಲ್ಲಿ 1967ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು.

ಆದರೆ ಇದನ್ನು ಜಗತ್ತಿಗೆ ಪರಿಚಯಿಸಿದ್ದು ಶಾಲೆಯಲ್ಲ, ಒಂದು ಪೇಚಾಟ. 1965ರಲ್ಲಿ ಹ್ಯೂಸ್ಟನ್ ನಗರದಲ್ಲಿ ‘ಆಸ್ಟ್ರೊಡೋಮ್’ ಎಂಬ, ಪೂರ್ತಿ ಚಾವಣಿಯುಳ್ಳ ಬೇಸ್‌ಬಾಲ್ ಕ್ರೀಡಾಂಗಣ ತೆರೆಯಿತು. ಒಳಗೆ ನಿಜವಾದ ಹುಲ್ಲೇ ಬೆಳೆಯಲೆಂದು ಚಾವಣಿಗೆ ಬೆಳಕು ಹಾಯುವ ಫಲಕಗಳನ್ನು ಹೊಂದಿಸಿದ್ದರು. ಆಟಗಾರರು ಚೆಂಡಿಗೆ ತಲೆಯೆತ್ತಿದರೆ ಕಣ್ಣು ಕೋರೈಸಿ ಏನೂ ಕಾಣದು. ಸರಿ, ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. ಆ ವರ್ಷ ಸತ್ತ ಹುಲ್ಲಿಗೂ ಮಣ್ಣಿಗೂ ಹಸಿರು ಬಣ್ಣ ಬಳಿದು ಆಟ ಮುಗಿಸಿದರಂತೆ! ತಪಾಸಣೆಗೆ ಮೇಲಧಿಕಾರಿ ಬರುವ ಹಿಂದಿನ ದಿನ ಕಚೇರಿಯ ಗೋಡೆಗೆ ಸುಣ್ಣ ಬಳಿಯುವುದನ್ನು ಕಂಡ ನಮಗೆ ಇದು ತೀರ ಪರಿಚಿತ ವಿದ್ಯೆ. 1966ರಲ್ಲಿ ಅಲ್ಲಿ ನೈಲಾನ್ ಹುಲ್ಲು ಬಂತು. ‘ಆಸ್ಟ್ರೊಟರ್ಫ್’ ಎಂಬ ಹೆಸರೂ ಅಲ್ಲಿಂದಲೇ ಬಂತು.

ಅಮೆರಿಕದವರ ಬೇಸ್‌ಬಾಲ್ ಕಟ್ಟಿಕೊಂಡು ನಮಗೇನಾಗಬೇಕು ಎನ್ನಬಹುದು. ಹತ್ತೇ ವರ್ಷಗಳಲ್ಲಿ ಅದು ನಮ್ಮ ಹಾಕಿಯ ಕಾಲಡಿಗೂ ಬಂತಲ್ಲ! 1975ರಲ್ಲಿ ಕೌಲಾಲಂಪುರದ ಹುಲ್ಲಿನ ಮೇಲೆ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದಾಗ, ಆ ತಂಡದಲ್ಲಿ ನಮ್ಮ ಕೊಡಗಿನ ಬಿ. ಪಿ. ಗೋವಿಂದ ಮತ್ತು ಪಿ. ಇ. ಕಾಳಯ್ಯ ಇದ್ದರು. ಮರುವರ್ಷ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊತ್ತಮೊದಲ ಬಾರಿಗೆ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದರು. 1928ರಿಂದ ಒಮ್ಮೆಯೂ ಪದಕವಿಲ್ಲದೆ ಮರಳದಿದ್ದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಉಬ್ಬುತಗ್ಗಿನ ನೆಲದಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ಓಡುವ ಕೈಚಳಕಕ್ಕಿಂತ, ಸಪಾಟು ಹಾಸಿನ ಮೇಲೆ ವೇಗಕ್ಕೂ ದಮ್ಮಿಗೂ ಬೆಲೆ ಹೆಚ್ಚಿತು. ಸೋಲನ್ನೆಲ್ಲ ಹಾಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ. 1980ರಲ್ಲಿ ಮಾಸ್ಕೋದ ಕೃತಕ ಹಾಸಿನ ಮೇಲೆಯೇ ನಾವು ಚಿನ್ನ ಗೆದ್ದೆವು, ಕೊಡಗಿನ ಎಂ. ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಆಗ ಹಲವು ಬಲಾಢ್ಯ ತಂಡಗಳು ಬಂದಿರಲಿಲ್ಲವೆಂಬುದೂ ನಿಜವೇ. 1982ರ ಏಷ್ಯನ್ ಕ್ರೀಡೆಗಳಲ್ಲಿ ಇದೇ ದೆಹಲಿಯ ನ್ಯಾಷನಲ್ ಸ್ಟೇಡಿಯಮ್ಮಿನ ಹೊಸ ಹಾಸಿನ ಮೇಲೆ ಪಾಕಿಸ್ತಾನ ನಮ್ಮನ್ನು 7-1ರಿಂದ ಮಣಿಸಿತು. ಸಂಘದ ಹಿರಿಯರು ಆ ಸಂಜೆಯನ್ನು ನೆನೆದರೆ ಇಂದಿಗೂ ಕಾಫಿ ಲೋಟ ಕೆಳಗಿಡುತ್ತಾರೆ.

ಹಾಕಿಯ ಹಾಸಿಗೆ ಆಟಕ್ಕೆ ಮುನ್ನ ನೀರುಣಿಸುವ ಪದ್ಧತಿಯನ್ನು ಹಲವರು ನೋಡಿರಬಹುದು. ಚೆಂಡು ಸಲೀಸಾಗಿ ಓಡಬೇಕು, ಬಿದ್ದವರ ಚರ್ಮ ತರಚಬಾರದು. ಹಾಸಿನ ಕಾವೂ ಇಳಿಯುತ್ತದೆ. ಜೀವಂತ ಹುಲ್ಲು ತನ್ನ ತೇವವನ್ನು ಆವಿಯಾಗಿ ಬಿಟ್ಟು ತಂಪಾಗಿರುತ್ತದೆ. ಪ್ಲಾಸ್ಟಿಕ್ಕಿಗೆ ಆ ಉಪಾಯ ಗೊತ್ತಿಲ್ಲ. ನಮ್ಮ ತಾರಸಿಯಲ್ಲಿ ಅಮ್ಮನ ಕಾಲು ಸುಟ್ಟದ್ದರ ಗುಟ್ಟು ಇಷ್ಟೇ.

ಮೊದಲ ತಲೆಮಾರಿನ ನೈಲಾನ್ ಗಟ್ಟಿ, ಆದರೆ ಒರಟು. ಆಮೇಲೆ ಮರಳು ತುಂಬಿದ ಪಾಲಿಪ್ರೊಪಿಲೀನ್ ಬಂತು. 1990ರ ದಶಕದಲ್ಲಿ ಉದ್ದ ಎಳೆಯ, ಮೃದುವಾದ ಪಾಲಿಎಥಿಲೀನ್. ಮನೆಗೆ ಒಗ್ಗುವುದು ಈ ಕೊನೆಯದು. ನಮ್ಮ ಅಗ್ಗದ ಸುರುಳಿ ಪಾಲಿಪ್ರೊಪಿಲೀನಿನದು. ಬಿಸಿಲನ್ನು ತಡೆಯುವ ರಾಸಾಯನಿಕವನ್ನು ಅದಕ್ಕೆ ಸರಿಯಾಗಿ ಬೆರೆಸಿರಲಿಲ್ಲವೆಂದು ಕಾಣುತ್ತದೆ. ಅದಿಲ್ಲದೆ ಸೂರ್ಯನ ನೇರಳಾತೀತ ಕಿರಣಗಳು ಈ ಪ್ಲಾಸ್ಟಿಕ್ಕಿನ ಕಣಸರಪಣಿಗಳನ್ನು ಕಡಿದುಹಾಕುತ್ತವೆ.

ಈ ಸಲ ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗದೆ ಮೊದಲು ತುಂಡನ್ನು ಮಗುಚಿ ನೋಡಿದೆವು: ನೀರಿಳಿಯಲು ತೂತುಗಳಿವೆಯೇ, ಹೊಲಿಗೆ ಒತ್ತಾಗಿದೆಯೇ, ಎಳೆಯನ್ನು ಜಗ್ಗಿದರೆ ಬುಡಸಮೇತ ಕಿತ್ತುಬರುತ್ತದೆಯೇ ಎಂದು. ಅಂಗೈಯಿಂದ ಅದುಮಿ ಬಿಟ್ಟೆವು; ಒಳ್ಳೆಯ ಎಳೆ ತಾನೇ ಎದ್ದು ನಿಲ್ಲುತ್ತದೆ. ಎಳೆ ಉದ್ದವಿದ್ದಷ್ಟೂ ಒಳ್ಳೆಯದೆಂಬುದು ಭ್ರಮೆ. ಅತಿ ಉದ್ದನೆಯದು ಬೇಗ ಮಲಗಿಬಿಡುತ್ತದೆ; ನಡೆದಾಡುವ ಜಾಗಕ್ಕೆ 30 ಮಿಲಿಮೀಟರ್ ಆಸುಪಾಸು ಸಾಕು. 2008ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲವು ಹಳೆಯ ನೈಲಾನ್ ಹಾಸುಗಳ ಬಣ್ಣದಲ್ಲಿ ಸೀಸ ಪತ್ತೆಯಾಗಿತ್ತು. ಅಂಬೆಗಾಲಿಡುವ ಮಕ್ಕಳಿರುವ ಮನೆಯವರು ಸೀಸವಿಲ್ಲವೆಂಬ ಪರೀಕ್ಷಾ ಪತ್ರ ಕೇಳುವುದರಲ್ಲಿ ಸಂಕೋಚ ಬೇಡ. ಬಿಸಿಲಿನ ಭರವಸೆಯನ್ನೂ ಬಾಯಿಮಾತಿನಲ್ಲಿ ಬಿಡದೆ ರಸೀದಿಯ ಮೇಲೆ ಬರೆಸಿಕೊಂಡೆವು. ಅಂಗಡಿಯವನು ಮುಖ ಸಿಂಡರಿಸಿದ. ಕಡತ ನೋಡಿ ಹಣ್ಣಾದವರು ನಾವು, ಜಗ್ಗಲಿಲ್ಲ.

ಹಾಸುವ ಮೊದಲು ತಾರಸಿಯ ಇಳಿಜಾರು ಸರಿಪಡಿಸಿ, ನೀರು ಸೋರದ ಲೇಪ ಕೊಡಿಸಿದೆವು. ಕೆಳಮನೆಯವರೇ ಮೇಸ್ತ್ರಿಯನ್ನು ಕರೆತಂದರು. ತಂದದ್ದೂ ಮೊದಲಿನ ಅರ್ಧದಷ್ಟೇ, ನೀರಿನ ತೊಟ್ಟಿಯ ನೆರಳು ಬೀಳುವ ಕಡೆಗೆ. ಬೇಸಗೆಯ ಬೆಳಿಗ್ಗೆ ಒಂದು ಬಕೆಟ್ ನೀರು ಚಿಮುಕಿಸುತ್ತೇವೆ, ಅಮ್ಮ ನಡೆದಾಡುತ್ತಾರೆ. ಉಳಿದ ಜಾಗದಲ್ಲಿ ಅವರೇ ಎರಡು ಕುಂಡಗಳಲ್ಲಿ ನಿಜವಾದ ಗರಿಕೆ ಹಾಕಿದ್ದಾರೆ. ಗಣಪತಿಗೆ ನಿಮ್ಮ ನೈಲಾನ್ ಏರಿಸಲೇನು ಎಂಬುದು ಅವರ ಪ್ರಶ್ನೆ.