ದಾರಿ ತೋರಿಸಿದವರಿಗೆ ದಾರಿ ಇರಲಿಲ್ಲ



ನಿಮಗೊಂದು ಸಣ್ಣ ಪ್ರಶ್ನೆ. ಪರ ಊರಿನವರೊಬ್ಬರು ನಿಮ್ಮೂರ ಸ್ಟ್ಯಾಂಡಿನಲ್ಲಿ ಎಸ್.ಟಿ. ಬಸ್ಸಿನಿಂದ ಇಳಿದು ನಿಮ್ಮ ಮನೆಗೆ ದಾರಿ ಕೇಳಿದರು ಅಂತ ತಿಳಕೊಳ್ರಿ. ಅಲ್ಲಿ ಕೂತವರು ಏನು ಹೇಳತಾರ? "ಅಗಸಿ ದಾಟ್ರಿ, ಹನುಮಪ್ಪನ ಗುಡಿ ಬರತೈತಿ, ಅಲ್ಲಿಂದ ಎಡಕ್ಕ ಹೊಳ್ಳಿರಿ, ಹಾಳ ಬಾವಿ ಆದ ಮ್ಯಾಲ..." ಅಂತ ಗಟ್ಟಿಯಾಗಿ ಶುರು ಮಾಡಿ, ಕಡೀಗೆ ದನಿ ಸ್ವಲ್ಪ ತಗ್ಗಿಸಿ ನಮ್ಮ ಕೇರಿಯ ಹೆಸರು ಹೇಳತಾರ. ಆ ತಗ್ಗಿದ ದನಿ ನಿಮಗೂ ಗೊತ್ತು, ನನಗೂ ಗೊತ್ತು.

ದಾರಿ ಹೇಳುವುದು ಸಾದಾ ಮಾತು ಅನಿಸುತ್ತದೆ. ಆದರೆ ಅದಕ್ಕೂ ಒಂದು ಇತಿಹಾಸ ಇದೆ. ಆ ಇತಿಹಾಸದಲ್ಲಿ ನಮ್ಮ ಹಿರಿಯರದು ಬಹಳ ದೊಡ್ಡ ಪಾಲು. ಬಿ.ಎ. ಓದುವಾಗ ಕಂಡ, ಮನೆಯಲ್ಲಿ ಕೇಳಿದ ಸಂಗತಿಗಳನ್ನು ಕೂಡಿಸಿ ನಿಮ್ಮ ಮುಂದೆ ಇಡುತ್ತೇನೆ.

ಒಬ್ಬೊಬ್ಬರದು ಒಂದೊಂದು ರೀತಿ

ಮೊದಲು ಹೊರಗಿನ ಜಗತ್ತು ನೋಡೋಣ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಗೂಗು ಯಿಮಿಧಿರ್ ಎಂಬ ಮೂಲನಿವಾಸಿಗಳ ಭಾಷೆ ಇದೆ. 1770ರಲ್ಲಿ ಕ್ಯಾಪ್ಟನ್ ಕುಕ್ ಅಲ್ಲಿಗೆ ಹೋದಾಗ ಬರೆದುಕೊಂಡ 'ಕಾಂಗರೂ' ಎಂಬ ಶಬ್ದ ಇವರ ಭಾಷೆಯದೇ. ಇವರು ದಾರಿ ಹೇಳುವಾಗ ಎಡ ಬಲ ಅನ್ನುವುದಿಲ್ಲ. ಎಲ್ಲಕ್ಕೂ ಮೂಡಣ, ಪಡುವಣ, ಬಡಗಣ, ತೆಂಕಣ ದಿಕ್ಕುಗಳೇ. ಪಕ್ಕದಲ್ಲಿ ಕೂತವನಿಗೆ ಸರಿ ಅನ್ನಬೇಕಾದರೂ ದಿಕ್ಕು ಹಿಡಿದೇ ಹೇಳುತ್ತಾರೆ. ಜಪಾನಿನಲ್ಲಿ ಬಹಳಷ್ಟು ರಸ್ತೆಗಳಿಗೆ ಹೆಸರೇ ಇಲ್ಲ. ವಿಳಾಸ ಅಂದರೆ ಓಣಿಯ ನಂಬರು, ಅದರೊಳಗೆ ಮನೆಗಳ ಗುಂಪಿನ ನಂಬರು, ಆಮೇಲೆ ಕಟ್ಟಡದ ನಂಬರು. ಹೊಸಬರು ಅಲ್ಲಲ್ಲಿರುವ ಸಣ್ಣ ಪೊಲೀಸ್ ಚೌಕಿಗೆ ಹೋಗಿ ದಾರಿ ಕೇಳುತ್ತಾರೆ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿದದ್ದು ನಿಕರಾಗುವಾ ದೇಶದ ರಾಜಧಾನಿ ಮನಾಗುವಾ. 1972ರ ಡಿಸೆಂಬರಿನಲ್ಲಿ ಅಲ್ಲಿ ದೊಡ್ಡ ಭೂಕಂಪ ಆಗಿ ಊರ ನಡುಭಾಗ ನೆಲಸಮ ಆಯಿತು. ಆದರೂ ಜನ ಬಿದ್ದುಹೋದ ಕಟ್ಟಡ, ಈಗಿಲ್ಲದ ಗಿಡ ಹಿಡಿದು ದಾರಿ ಹೇಳುವುದನ್ನು ಬಿಡಲಿಲ್ಲ. "ಮೊದಲು ಇಂಥದ್ದು ಇತ್ತಲ್ಲ, ಅಲ್ಲಿಂದ ಕೆರೆ ಕಡೆಗೆ ಇಷ್ಟು ದೂರ" ಅನ್ನುತ್ತಾರೆ. ಅವರಿಗೆ ಕೆರೆ ಅಂದರೆ ಬಡಗಣ, ಮೇಲೆ ಅಂದರೆ ಮೂಡಣ, ಕೆಳಗೆ ಅಂದರೆ ಪಡುವಣ. ಹೊಸಬರಿಗೆ ತಿಳಿಯಲಿಕ್ಕಿಲ್ಲ, ಊರವರಿಗೆ ತಿಳಿಯುತ್ತದೆ. ನಮ್ಮಲ್ಲೂ "ಆಲದ ಮರ ಇತ್ತಲ್ಲ" ಅಂತ ಕಡಿದುಹೋದ ಮರ ತೋರಿಸುವವರು ಇದ್ದಾರೆ.

ನಮ್ಮ ಕಡೆ ದೂರ ಅಳೆಯಲು ಹರದಾರಿ ಇತ್ತು, ಅಂದರೆ ಸುಮಾರು ಮೂರು ಮೈಲಿ. ಹತ್ತಿರ ಇದ್ದರೆ ಕೂಗಳತೆ ದೂರ. ಇನ್ನೂ ಹತ್ತಿರ ಇದ್ದರೆ ಎಲಿ ಅಡಕಿ ಹಾಕ್ಕೊಂಡು ಉಗುಳೋದರಾಗ ಮುಟ್ಟತೀರಿ ಅನ್ನೋ ಮಾತು. ಒಟ್ಟಿನಲ್ಲಿ ಯಾವ ಜನ ಯಾವುದನ್ನು ದೊಡ್ಡದು ಅಂತ ನೆನಪಿಟ್ಟಿರುತ್ತಾರೋ ಅದನ್ನೇ ಗುರುತು ಮಾಡಿ ದಾರಿ ಹೇಳುತ್ತಾರೆ. ಒಬ್ಬರಿಗೆ ಸೂರ್ಯ, ಒಬ್ಬರಿಗೆ ಕೆರೆ, ಒಬ್ಬರಿಗೆ ನಂಬರು. ನಮ್ಮ ದೇಶದ ಊರುಗಳು ಇವೆಲ್ಲವುಗಳ ಜೊತೆ ಜಾತಿಯನ್ನೂ ಗುರುತು ಮಾಡಿಕೊಂಡವು.

ಹಿಂದೆ ದಾರಿ ತೋರಿಸುತ್ತಿದ್ದವರು ಯಾರು?

ಇವತ್ತು ಕೈಯಲ್ಲಿ ಮೊಬೈಲ್ ಇದೆ. ಆಗ ರಸ್ತೆಯ ಕಲ್ಲೂ ಇಲ್ಲ, ಬೋರ್ಡೂ ಇಲ್ಲ. ಪ್ರಯಾಣಿಕನಿಗೆ ಒಬ್ಬ ಮನುಷ್ಯನೇ ನಕಾಶೆ.

1812ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಬಗ್ಗೆ ಬ್ರಿಟಿಷ್ ಪಾರ್ಲಿಮೆಂಟಿಗೆ ಒಂದು ವರದಿ ಹೋಯಿತು. ಐದನೇ ವರದಿ ಅಂತ ಅದಕ್ಕೆ ಹೆಸರು. ದಕ್ಷಿಣದ ಹಳ್ಳಿಯಲ್ಲಿ ಯಾರ್‍ಯಾರು ಯಾವ ಕೆಲಸ ಮಾಡುತ್ತಾರೆ ಅನ್ನುವ ಪಟ್ಟಿ ಅದರಲ್ಲಿದೆ. ಕಳವು, ಅಪರಾಧದ ಸುದ್ದಿ ತರುವುದು, ಒಂದೂರಿಂದ ಇನ್ನೊಂದೂರಿಗೆ ಹೋಗುವವರ ಸಂಗಡ ಹೋಗಿ ಕಾಪಾಡಿ ಮುಟ್ಟಿಸುವುದು ತಳಾರಿಯ ಕೆಲಸ. ಬೆಳೆ ಕಾಯುವುದು, ರಾಶಿ ಅಳೆಯುವಾಗ ನೆರವಾಗುವುದು ತೋಟಿಯ ಕೆಲಸ. ಊರ ಗಡಿ ಕಾದು, ತಂಟೆ ಬಂದಾಗ ಸಾಕ್ಷಿ ಹೇಳುವವನೂ ಆ ಪಟ್ಟಿಯಲ್ಲಿದ್ದಾನೆ. ಸೀಮೆಯಿಂದ ಸೀಮೆಗೆ ಈ ಕೆಲಸದ ಹೆಸರೂ ಬೇರೆ, ಮಾಡುವ ಜಾತಿಯೂ ಬೇರೆ. ಮರಾಠಿ ಸೀಮೆಯಲ್ಲಿ ಮಾತ್ರ ಇದರಲ್ಲಿ ಬಹುಪಾಲು ಮಹಾರರ ಹೆಗಲ ಮೇಲೆ ಬಿತ್ತು. ಮರಾಠಿಯಲ್ಲಿ 'ವೇಸ' ಅಂದರೆ ನಮ್ಮ ಅಗಸಿ. ಅಗಸಿ ಕಾಯುವವನು ವೇಸ್ಕರ. ಬಂದ ಪ್ರಯಾಣಿಕರ, ಅಧಿಕಾರಿಗಳ ಗಂಟು ಹೊತ್ತು ಮುಂದಿನ ಊರಿನ ತನಕ ನಡೆಯುವವನು ತರಾಳ.

ಕನ್ನಡ ಸೀಮೆಯ ಹೊಲೆಯರ ಬಗ್ಗೆ ಮೆಕೆಂಜಿ ಎಂಬ ಇಂಗ್ಲಿಷ್ ಅಧಿಕಾರಿ 1873ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಬರೆದಿದ್ದಾರೆ. ಪ್ರತಿ ಊರಿನಲ್ಲೂ ಹೊಲಗೇರಿ ಊರ ಬೇಲಿಯ ಹೊರಗೇ ಇರುತ್ತಿತ್ತು. ಆದರೆ ಎರಡು ಊರಿನ ನಡುವೆ ಗಡಿಯ ಜಗಳ ಬಂದರೆ ಎಲ್ಲರೂ ಆ ಕೇರಿಯ ಕುಳವಾಡಿಯನ್ನೇ ಕರೆಯಬೇಕಿತ್ತು. ಅವನು ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಗಡಿ ನಡೆಯುತ್ತಿದ್ದ. ನಡೆದ ದಾರಿ ಖರೇ ಇದ್ದರೆ ಉಂಡೆ ಉಳಿಯುತ್ತದೆ, ತಪ್ಪಿದರೆ ಒಡೆಯುತ್ತದೆ, ಅವನೂ ಹದಿನೈದು ದಿನದೊಳಗೆ ಸಾಯುತ್ತಾನೆ ಅಂತ ನಂಬಿಕೆ.

ಸ್ವಲ್ಪ ನಿಂತು ಯೋಚನೆ ಮಾಡ್ರಿ. ಊರು ಎಲ್ಲಿಂದ ಎಲ್ಲಿಯ ತನಕ ಅಂತ ಹೇಳುವ ಅಧಿಕಾರ ಅವನದು. ಆದರೆ ಆ ಊರೊಳಗೆ ಅವನಿಗೆ ಮನೆ ಇಲ್ಲ. ಮಾತು ತಪ್ಪಾದರೆ ಹೋಗುವ ಜೀವವೂ ಅವನದೇ.

ನಮ್ಮ ಮುತ್ಯಾ ತನ್ನ ಅಪ್ಪನ ಸುದ್ದಿ ಹೇಳತಿದ್ದ. ಸಾಹೇಬರು ಬಂದರೆ ಚಾವಡಿಯಿಂದ ಕರೆ ಬರುತ್ತಿತ್ತು. ಹೊತ್ತಿಲ್ಲ, ಗೊತ್ತಿಲ್ಲ, ಉಣ್ಣೋ ಗಂಗಾಳ ಬಿಟ್ಟು ಏಳಬೇಕು. ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕಂದೀಲು, ತಲೆಯ ಮೇಲೆ ಗಂಟು. ಸತ್ತವರ ಸುದ್ದಿ ಬೀಗರ ಊರಿಗೆ ಮುಟ್ಟಿಸುವುದೂ ಅವರದೇ ಕೆಲಸ. "ಅಮಾಸಿ ಕತ್ತಲದಾಗ ಹಳ್ಳದ ನೀರು ಎಲ್ಲಿ ಮೊಣಕಾಲುದ್ದ, ಎಲ್ಲಿ ಎದಿಮಟ ಅಂತ ನಮ್ಮಪ್ಪನ ಕಾಲಿಗೆ ಗೊತ್ತಿತ್ತು" ಅನ್ನುತ್ತಿದ್ದ ಮುತ್ಯಾ. ಇದು ಯಾವ ಸಾಲಿಯಲ್ಲೂ ಕಲಿಸದ ವಿದ್ಯೆ. ಆದರೆ ಇದನ್ನು ಯಾರೂ ವಿದ್ಯೆ ಅನ್ನಲಿಲ್ಲ, ಚಾಕರಿ ಅಂದರು. ಕೂಲಿ ಅಂತ ಸಿಕ್ಕಿದ್ದು ಸುಗ್ಗಿಯಲ್ಲಿ ಒಂದಿಷ್ಟು ಕಾಳು, ದಿನಾ ಮನೆ ಮನೆ ತಿರುಗಿ ಬೇಡಿ ತಂದ ರೊಟ್ಟಿ.

ಹೆಜ್ಜೆ ಗುರುತೂ ಉಳಿಯಬಾರದು

ಇಷ್ಟು ದಾರಿ ಬಲ್ಲವರಿಗೆ ದಾರಿ ಎಷ್ಟು ಸಿಕ್ಕಿತು? ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಪೇಶ್ವೆಗಳ ಪುಣೆಯ ಸಂಗತಿ ಬರೆದಿದ್ದಾರೆ. ಅಸ್ಪೃಶ್ಯರು ಸೊಂಟಕ್ಕೆ ಕಸಬರಿಗೆ ಕಟ್ಟಿಕೊಂಡು ತಮ್ಮ ಹೆಜ್ಜೆ ತಾವೇ ಗುಡಿಸುತ್ತ ಹೋಗಬೇಕಿತ್ತು, ಉಗುಳಲು ಕೊರಳಿಗೆ ಗಡಿಗೆ ಕಟ್ಟಿಕೊಳ್ಳಬೇಕಿತ್ತು. ಬೇರೆಯವರಿಗೆ ದಾರಿ ತೋರಿಸುವವನ ಹೆಜ್ಜೆ ಗುರುತು ಮಾತ್ರ ದಾರಿಯ ಮೇಲೆ ಉಳಿಯುವ ಹಾಗಿಲ್ಲ.

ಬಾಬಾಸಾಹೇಬರು ತಾವೇ ಹುಡುಗರಿದ್ದಾಗ ಆದದ್ದನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಹೇಳಿದ್ದಾರೆ. ಅದು 1901. ಸಾತಾರಾದಿಂದ ತಂದೆ ಇದ್ದ ಊರಿಗೆ ಹೊರಟ ಮಕ್ಕಳು ಮಸೂರ ಸ್ಟೇಷನ್ನಿನಲ್ಲಿ ಇಳಿದರು. ಕರೆಯಲು ಯಾರೂ ಬಂದಿರಲಿಲ್ಲ. ಮೊದಲು ಅಂತಃಕರಣದಿಂದ ಮಾತಾಡಿಸಿದ ಸ್ಟೇಷನ್ ಮಾಸ್ತರ, ಮಹಾರರು ಅಂತ ಗೊತ್ತಾದ ಕೂಡಲೇ ಹಿಂದೆ ಸರಿದ. ಬಂಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಕರಾರು ಏನಂದರೆ, ಬಂಡಿ ಮಕ್ಕಳೇ ಹೊಡೆಯಬೇಕು, ತಾನು ಬದಿಯಲ್ಲಿ ನಡೆದು ಬರುತ್ತೇನೆ. ಬುತ್ತಿ ಇತ್ತು, ನೀರಿಲ್ಲ. ಟೋಲ್ ನಾಕೆಯಲ್ಲಿ ನೀರು ಬೇಕಾದರೆ ಮುಸಲ್ಮಾನರು ಅಂತ ಹೇಳ್ರಿ ಅಂದ ಬಂಡಿಯವನು. ಹಾಗೆ ಹೇಳಿದರೂ ನೀರು ಸಿಗಲಿಲ್ಲ. ರಾತ್ರಿ ಇಡೀ ಹಸಿದು, ಬಾಯಾರಿ, ಮರುದಿನ ಊರು ಮುಟ್ಟಿದರು.

ಓದುಗ ಬಂಧುಗಳೇ, ಇದನ್ನು ದಾರಿ ಕೇಳಿದ ಕತೆ ಅಂತ ಇನ್ನೊಮ್ಮೆ ಓದ್ರಿ. ಉಳಿದವರಿಗೆ "ನೀರು ಎಲ್ಲೈತಿ?" ಎಂಬ ಪ್ರಶ್ನೆಗೆ ಉತ್ತರ ಒಂದು ದಿಕ್ಕು. ನಮಗೆ ಮೊದಲು ಎದುರಾಗುವುದು ಇನ್ನೊಂದು ಪ್ರಶ್ನೆ: "ನೀವು ಯಾವ ಪೈಕಿ?"

ಇದು ನಮ್ಮ ದೇಶದಲ್ಲಷ್ಟೇ ನಡೆದದ್ದಲ್ಲ. ಅಮೆರಿಕದಲ್ಲಿ ಕರಿಯರು ಕಾರು ಕೊಂಡರೂ ದಾರಿಯಲ್ಲಿ ಹೋಟೆಲು ಸಿಗುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಕರಿಯರು ಇರಲೇಬಾರದು ಅನ್ನುವ ಊರುಗಳಿದ್ದವು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಅಂಚೆ ನೌಕರ 1936ರಲ್ಲಿ ಒಂದು ಪುಸ್ತಕ ತಂದ. ಯಾವ ಊರಲ್ಲಿ ಯಾವ ಮನೆಯವರು ಇಳಿಯಲು ಜಾಗ ಕೊಡುತ್ತಾರೆ, ಎಲ್ಲಿ ಊಟ, ಎಲ್ಲಿ ಪೆಟ್ರೋಲು ಅನ್ನುವ ಪಟ್ಟಿ. 'ಗ್ರೀನ್ ಬುಕ್' ಅಂತ ಪ್ರಸಿದ್ಧಿ ಆಯಿತು. ಈ ಪುಸ್ತಕವೇ ಬೇಡವಾಗುವ ದಿನ ಬರಲಿ ಅನ್ನುವುದು ಗ್ರೀನ್ ಆಸೆ. 1964ರ ನಾಗರಿಕ ಹಕ್ಕುಗಳ ಕಾನೂನು ಬಂದ ಮೇಲೆ, ಕೆಲವೇ ವರ್ಷಗಳಲ್ಲಿ ಅದು ನಿಂತಿತು. ಅಲ್ಲಿ ಒಬ್ಬ ಅಂಚೆಯವ ತನ್ನ ಜನಕ್ಕೆ ತಾನೇ ದಾರಿ ಬರೆದುಕೊಟ್ಟ. ಊರೆಲ್ಲರ ಸುದ್ದಿ ಹೊತ್ತ ನಮ್ಮ ವೇಸ್ಕರನಿಗೆ ಅಕ್ಷರ ಸಿಕ್ಕಿದ್ದರೆ ಅವನೂ ಬರೆಯುತ್ತಿದ್ದ.

ದಾರಿಗಾಗಿ ಹೋರಾಟ

ಅಕ್ಷರ ಇರಲಿಲ್ಲ, ಕಾಲು ಇದ್ದವು. 1893ರಲ್ಲಿ ತಿರುವಾಂಕೂರಿನ ವೆಂಗಾನೂರಿನ ಅಯ್ಯಂಕಾಳಿ ಎತ್ತಿನ ಬಂಡಿ ಏರಿ, ದಲಿತರಿಗೆ ನಿಷೇಧ ಇದ್ದ ರಸ್ತೆಯಲ್ಲಿ ಹೋದರು. 1924ರ ಮಾರ್ಚ್ 30ರಂದು ವೈಕಂ ಸತ್ಯಾಗ್ರಹ ಶುರು ಆಯಿತು. ಅಲ್ಲಿ ಗುಡಿಯ ಸುತ್ತಲಿನ ರಸ್ತೆಗಳಲ್ಲಿ, ಕೆಳಜಾತಿಯವರು ಇಲ್ಲಿಂದ ಮುಂದೆ ಬರಬಾರದು ಅನ್ನುವ ಫಲಕ ಹಾಕಿದ್ದರು. ದಾರಿ ತೋರಿಸಬೇಕಾದ ಬೋರ್ಡು ದಾರಿ ಕಟ್ಟುತ್ತಿತ್ತು. ಆ ಹೋರಾಟ 1925ರಲ್ಲಿ ಮುಗಿದಾಗ ಮೂರು ದಿಕ್ಕಿನ ರಸ್ತೆ ತೆರೆದವು, ಮೂಡಣದ್ದು ಮಾತ್ರ ಮುಚ್ಚಿಯೇ ಇತ್ತು.

ನಮ್ಮ ಕಡೆ ಹೋರಾಟ ಇನ್ನೊಂದು ರೀತಿಯದು. ದಾರಿ ತೋರಿಸುವ ಬಿಟ್ಟಿ ಚಾಕರಿಯೇ ಸಾಕು ಅನ್ನುವುದು. ಮಹಾರ ವತನದಿಂದ ನಮ್ಮವರನ್ನು ಬಿಡಿಸಲು ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ಆಗ ಆಗಲಿಲ್ಲ. ಕಡೆಗೆ 1958ರ ಕಾನೂನಿನಿಂದ ಆ ಕೆಳದರ್ಜೆಯ ವತನಗಳು ರದ್ದಾದವು. ಆಗ ಬಾಬಾಸಾಹೇಬರು ನಮ್ಮ ನಡುವೆ ಇರಲಿಲ್ಲ.

ನಮ್ಮ ಜತ್ತಿನ ಪಕ್ಕದ ಆಟಪಾಡಿಯ ಶಂಕರರಾವ ಖರಾತರನ್ನು ಇಲ್ಲಿ ನೆನೆಯಬೇಕು. ಅವರ ತಂದೆ ಊರ ಚಾಕರಿ ಮಾಡಿದವರು. ಮಗ ವಕೀಲರಾದರು, ಮರಾಠಿ ಲೇಖಕರಾದರು, ಮರಾಠವಾಡಾ ವಿಶ್ವವಿದ್ಯಾಲಯದ ಕುಲಗುರುಗಳಾದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ತರಾಳ ಅಂತರಾಳ'. ಗಂಟು ಹೊರುವವನ ಆ ಹೆಸರನ್ನು ಅವರು ಮುಚ್ಚಿಡಲಿಲ್ಲ, ಪುಸ್ತಕದ ಮುಖದ ಮೇಲೆ ಬರೆದರು.

ಈಗ ನಮ್ಮ ವಿಳಾಸ

2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಜಾತಿಯ ಹೆಸರಿನ ವಸ್ತಿಗಳ ಹೆಸರು ಬದಲಿಸುವ ನಿರ್ಣಯ ಮಾಡಿತು. ಮಹಾರವಾಡ, ಮಾಂಗವಾಡ ಅನ್ನುವ ಬದಲು ಸಮತಾ ನಗರ, ಭೀಮ ನಗರ ಇಂಥ ಹೆಸರು. ಒಳ್ಳೇದೇ ಆಯಿತು. ಆದರೆ ಕಾಗದದ ಮೇಲೆ ಹೆಸರು ಬದಲಾದಷ್ಟು ಬೇಗ ಬಾಯಲ್ಲಿ ಬದಲಾಗುವುದಿಲ್ಲ. ಇಂದಿಗೂ ಸ್ಟ್ಯಾಂಡಿನಲ್ಲಿ ಕೂತವರ ಬಾಯಲ್ಲಿ ಹಳೆ ಹೆಸರೇ.

ಪಟ್ಟಣದಲ್ಲೂ ಅಷ್ಟೇ. ಸೋಲಾಪುರದಲ್ಲಿ ರೂಮು ಹುಡುಕುವಾಗ ಮನೆ ಮಾಲಕರೊಬ್ಬರು ನನ್ನನ್ನು ಮೊದಲು "ಯಾವ ಊರು?" ಅಂದರು. ಹೇಳಿದೆ. "ಊರಾಗ ಎಲ್ಲಿ? ಗುಡಿ ಹತ್ತಿರನೋ, ಆಚೆ ಕಡೆನೋ?" ಅಂದರು. ಅವರಿಗೆ ನಮ್ಮ ಮನೆಗೆ ಬರುವುದಿರಲಿಲ್ಲ. ದಾರಿ ಕೇಳುವ ನೆಪದಲ್ಲಿ ಜಾತಿ ಕೇಳಿದರು. ನಾನು ಭೀಮ ನಗರ ಅಂದೆ. ರೂಮು ಆಗಲೇ ಬೇರೆಯವರಿಗೆ ಕೊಟ್ಟಾಗಿದೆ ಅಂದರು. ನಮ್ಮಲ್ಲಿ ಎಷ್ಟೋ ಹುಡುಗ ಹುಡುಗಿಯರು ಇದೇ ಕಾರಣಕ್ಕೆ "ಸಾಲಿ ಹತ್ತಿರ" "ಟಾಕಿ ಹತ್ತಿರ" ಅಂತ ಅರ್ಧ ವಿಳಾಸ ಹೇಳುತ್ತಾರೆ. ಅವರನ್ನು ನಾನು ದೂರುವುದಿಲ್ಲ. ರೂಮು ಸಿಗದೆ ಪರೀಕ್ಷೆಗೆ ಕೂರುವುದು ಹೇಗೆ ಅನ್ನುವುದು ನಮಗೇ ಗೊತ್ತು.

ಆದರೂ ಒಂದು ಮಾತು. ಈ ಸೀಮೆಯ ಹಳ್ಳ, ಒಡ್ಡು, ಗಡಿಕಲ್ಲು, ಕಾಲುದಾರಿ ಎಲ್ಲವನ್ನೂ ನೂರಾರು ವರ್ಷ ತಲೆಯಲ್ಲಿ ಇಟ್ಟುಕೊಂಡು ಬಂದವರ ಮೊಮ್ಮಕ್ಕಳು ನಾವು. ನಮ್ಮ ವಿಳಾಸ ಹೇಳಲು ನಾವು ನಾಚಬೇಕಾಗಿಲ್ಲ. ನಾಚಬೇಕಾದವರು ಅದನ್ನು ಕೇಳಿ ಬಾಗಿಲು ಹಾಕುವವರು.

ನಮ್ಮ ಸಂಘದ ಗೆಳೆಯರಿಗೆ ನನ್ನದೊಂದು ಕೋರಿಕೆ. ಈ ವರ್ಷ ಒಂದು ಭಾನುವಾರ ನಮ್ಮ ಹಿರಿಯರನ್ನು ಕರೆದುಕೊಂಡು ಊರ ಗಡಿ ನಡೆಯೋಣ. ಅವರು ತೋರಿಸಿದ ಕಲ್ಲು, ಬಾವಿ, ಹಳೆ ದಾರಿ, ಅವುಗಳ ಕನ್ನಡ ಹೆಸರು ಎಲ್ಲ ಒಂದು ವಹಿಯಲ್ಲಿ ಬರೆಯೋಣ. ಯಾವ ಬಾವಿ ನಮಗೆ ಮುಚ್ಚಿತ್ತು, ಯಾವ ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಹೋಗಬೇಕಿತ್ತು ಅನ್ನುವುದನ್ನೂ ಬರೆಯೋಣ. ಬೋರ್ಡುಗಳು ಮರಾಠಿಯಲ್ಲಿವೆ, ಮೊಬೈಲ್ ನಕಾಶೆ ಇಂಗ್ಲಿಷಿನಲ್ಲಿದೆ. ಮುತ್ಯಾನ ಬಾಯಲ್ಲಿನ ಹೆಸರುಗಳು ಅವನ ಜೊತೆಗೇ ಹೋದರೆ ಮತ್ತೆ ಸಿಗುವುದಿಲ್ಲ.

ಹಾಗೆಯೇ ನಾಳೆ ಯಾರಾದರೂ ಸ್ಟ್ಯಾಂಡಿನಲ್ಲಿ ಇಳಿದು ನಮ್ಮ ಸಂಘದ ಕಚೇರಿ ಎಲ್ಲಿ ಅಂತ ಕೇಳಿದರೆ, ದನಿ ತಗ್ಗಿಸದೆ ಪೂರ್ತಿ ಹೇಳ್ರಿ: "ಅಗಸಿ ದಾಟ್ರಿ, ಹಾಳ ಬಾವಿ ಆದ ಮ್ಯಾಲ ನೀಲಿ ಧ್ವಜ ಕಾಣತೈತಿ. ಅದೇ ಭೀಮ ನಗರ. ಬರ್‍ರಿ, ನೀರು ಕುಡದು ಹೋಗ್ರಿ."

ಜೈ ಭೀಮ.